ಅಪರಾಧಿಗೂ ಅನ್ಯಾಯವೆಂಬುದುಂಟೆ?

ವ್ಯಾಜ್ಯಕ್ಕೆ ಕೊನೆಯೆಂಬುದು ಇರಲೇಬೇಕು. ಶಿಗ್ಗಾಂವದಲ್ಲಿ ಸೋತವನು ಹಾವೇರಿಗೆ, ಅಲ್ಲಿ ಸೋತವನು ಧಾರವಾಡದ ಉಚ್ಚ ನ್ಯಾಯಪೀಠಕ್ಕೆ, ಕೊನೆಗೆ ದಿಲ್ಲಿಗೆ ಹೋಗುವನು. ದಿಲ್ಲಿಯ ತೀರ್ಪಿನ ತರುವಾಯವೂ ಅವನು ಮತ್ತೆ ಮತ್ತೆ ಬಾಗಿಲು ತಟ್ಟುವುದಾದರೆ ನ್ಯಾಯವು ನೆಲೆಗೊಳ್ಳುವುದೆಂತು? ನೊಂದ ಮನೆಯವರಿಗೆ ಶಾಂತಿ ದೊರೆಯುವುದೆಂದು? ಈ ಪ್ರಶ್ನೆಯು ಬರಿಯ ಕ್ರೋಧದಿಂದ ಹುಟ್ಟಿದುದಲ್ಲ. ಅದರಲ್ಲಿ ಧರ್ಮಾಂಶವೂ ಇದೆ. ಆದುದರಿಂದ ನಮ್ಮ ನಾಡಿನದೇ ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ಅದನ್ನು ವಿಚಾರಿಸುವುದು ಲೇಸು.

1998ರಲ್ಲಿ ಬೆಂಗಳೂರಿನ ಮನೆಯೊಂದನ್ನು ಹೊಕ್ಕು ಓರ್ವ ಸ್ತ್ರೀಯ ಮೇಲೆ ಅತ್ಯಾಚಾರವೆಸಗಿ ಆಕೆಯನ್ನು ಕೊಂದ ಬಿ. ಎ. ಉಮೇಶನಿಗೆ 2006ರಲ್ಲಿ ಮರಣದಂಡನೆಯಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮೆಯನ್ನು ನಿರಾಕರಿಸಿದರು. 2016ರಲ್ಲಿ ಪುನರ್ವಿಮರ್ಶೆಯ ಅರ್ಜಿಯೂ ವಜಾ ಆಯಿತು. ಕ್ಷಮೆಯ ನಿರಾಕರಣವನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯು 2021ರಲ್ಲಿ ಬಿದ್ದುಹೋಗಲು, ಪುನಃ ದಿಲ್ಲಿಗೆ ಅಪೀಲಾಯಿತು.

ಈ ಸಲದ ಪ್ರಶ್ನೆಯೇ ಬೇರೆ. ಅವನು ಕೊಂದನೋ ಇಲ್ಲವೋ ಎಂಬುದಲ್ಲ. ದಂಡನೆಯಾದ ಬಳಿಕ ಸರಕಾರವು ಅವನನ್ನು ಹೇಗೆ ನಡೆಸಿಕೊಂಡಿತೆಂಬುದು. 2006ರಿಂದ ಸುಮಾರು 10 ವರುಷ ಅವನನ್ನು ಬೆಳಗಾವಿಯ ಸೆರೆಮನೆಯಲ್ಲಿ ಒಂಟಿಯಾಗಿ ಇರಿಸಲಾಗಿತ್ತು. ಅಂದಿನ ದಂಡಸಂಹಿತೆಯಂತೆ ಏಕಾಂತವಾಸವನ್ನು ನ್ಯಾಯಾಲಯವೇ ವಿಧಿಸತಕ್ಕದ್ದು. ಅದೂ ಒಟ್ಟು 3 ತಿಂಗಳಿಗೆ ಮೀರದಂತೆ. ಕ್ಷಮಾಯಾಚನೆಯು ಇತ್ಯರ್ಥವಾಗುವ ತನಕ ಮರಣದಂಡಿತನನ್ನು ಹೀಗೆ ಬೇರ್ಪಡಿಸಲಾಗದೆಂದು ಸುನೀಲ ಬಾತ್ರಾ ಪ್ರಕರಣದಲ್ಲಿ 1978ರಲ್ಲಿಯೇ ನಿರ್ಣಯವಾಗಿತ್ತು. 2022ರ ನವೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕ್ಷಮಾಯಾಚನೆಯ ನಿರ್ಣಯವು ತಡವಾಯಿತೆಂಬ ವಾದವನ್ನು ಒಪ್ಪದೆ, ಏಕಾಂತವಾಸವು ನ್ಯಾಯಬಾಹಿರವೆಂಬ ಕಾರಣದಿಂದಲೇ ಮರಣದಂಡನೆಯನ್ನು ಜೀವಾವಧಿ ಶಿಕ್ಷೆಗಿಳಿಸಿ, ಕನಿಷ್ಠ 30 ವರುಷ ಸೆರೆಯಲ್ಲಿರಬೇಕೆಂದು ವಿಧಿಸಿತು.

ಹಾಗಾದರೆ ಕೊಲೆಗಾರನು ಗೆದ್ದನೆ? ಅವನ ಪಾಪವು ಗುಲಗಂಜಿಯಷ್ಟೂ ಕಡಮೆಯಾಗಲಿಲ್ಲ. ಆದರೆ ವಿಧಿಸಿದ ದಂಡನೆಯೊಂದು, ವಿಧಿಸದೆ ಉಣಿಸಿದ ದಂಡನೆ ಇನ್ನೊಂದು. ಅಂತಿಮ ತೀರ್ಪು ಮೊದಲನೆಯದಕ್ಕೆ ಮುದ್ರೆಯನ್ನೊತ್ತಬಲ್ಲುದು; ತಾನು ನೋಡದೆಯೇ ಇದ್ದ ಎರಡನೆಯದಕ್ಕೆ ಒತ್ತಲಾರದು. ಸಾಲಗಾರನಿಂದ ಅಸಲು ಬಡ್ಡಿಗಳನ್ನು ವಸೂಲು ಮಾಡಬಹುದು. ಪತ್ರದಲ್ಲಿ ಬರೆಯದ ಹೊಲವನ್ನೂ ಕಸಿದುಕೊಂಡ ಸಾಹುಕಾರನು 'ಸಾಲಗಾರನು ದುಷ್ಟ' ಎಂದರೆ ಅದು ಉತ್ತರವಾದೀತೆ?

ಸೆರೆಮನೆಯವರ ತಪ್ಪಿಗಾಗಿ ತಮ್ಮ ನ್ಯಾಯವೇಕೆ ಕುಗ್ಗಬೇಕೆಂದು ಮೃತಳ ಕಡೆಯವರು ಕೇಳಿದರೆ ಅದಕ್ಕೆ ಪೂರ್ಣ ಸಮಾಧಾನವನ್ನು ಹೇಳಲಾಗದು. ಆದರೆ ಪರಿಹಾರವು ಕೈದಿಯ ಬಾಯನ್ನು ಮುಚ್ಚಿಸುವುದರಲ್ಲಿಲ್ಲ. ಆ ತಪ್ಪು ಮೊದಲ ವರುಷದಲ್ಲಿಯೇ ಕಾಣಿಸಿಕೊಳ್ಳುವಂತೆ ಮಾಡುವುದರಲ್ಲಿದೆ. ಸಜ್ಜನನಿಗೆ ನ್ಯಾಯವನ್ನೀಯುವುದು ಸುಲಭ. ಅವನಿಗಾಗಿ ಮರುಗುವವರು ಹಲವರಿರುತ್ತಾರೆ. ಯಾರೂ ಮರುಗದವನ ಅರ್ಜಿಯನ್ನು ಓದುವಾಗಲೇ ನ್ಯಾಯವು ನ್ಯಾಯವೋ, ಬರಿಯ ಸೇಡೋ ಎಂಬುದು ತಿಳಿಯುವುದು.