ಪಣಕ್ಕಿಟ್ಟದ್ದು ಯಾರದು?

ಆಟವಾಡಿಸಿ ಕೆಲಸ ಕಲಿಸುವುದು ಸರಿಯೇ? ಆಟವೆಂದರೆ ಸಮಯ ಹಾಳು ಎನ್ನುವವರಿದ್ದಾರೆ. ನಗುನಗುತ್ತಾ ಕಲಿತರೆ ತಪ್ಪೇನು ಎನ್ನುವವರೂ ಇದ್ದಾರೆ. ಆದರೆ ಆಟದ ಮೇಲೆ ಯಾರು ಏನನ್ನು ಪಣಕ್ಕಿಟ್ಟಿದ್ದಾರೆ ಎಂದು ಕೇಳುವವರು ಕಡಿಮೆ.

ಮಣೆಯಾಟ ಮೈಸೂರು ಸೀಮೆಗೆ ಹೊಸದಲ್ಲ. ಅಳಗುಳಿಮಣೆಯ 14 ಗುಳಿಗಳಲ್ಲಿ ಹುಣಸೆಬೀಜ ಹಂಚುತ್ತಾ ಮಕ್ಕಳು ಎಣಿಕೆ ಕಲಿತ ನಾಡು ಇದು. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿ 'ಕೌತುಕನಿಧಿ' ಎಂಬ ಭಾಗದಲ್ಲಿ ಆಟಗಳ ವಿವರವಿದೆ.

ಇಂದು ಉದ್ಯೋಗ ತರಬೇತಿಯಲ್ಲಿ ಪ್ರಸಿದ್ಧವಾಗಿರುವ ಒಂದು ಮಣೆಯಾಟ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1960ರ ಸುಮಾರಿಗೆ ರೂಪುಗೊಂಡ 'ಬಿಯರ್ ಗೇಮ್'. ಹೆಸರು ಕೇಳಿ ಹೌಹಾರಬೇಕಿಲ್ಲ. ಸರಕು ಕಾಫಿಪುಡಿ ಎಂದುಕೊಂಡರೂ ಆಟ ಬದಲಾಗದು. ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ಆಟಗಾರರು ಸಾಲಾಗಿ ಕೂರುತ್ತಾರೆ. ಪರಸ್ಪರ ಮಾತಾಡುವಂತಿಲ್ಲ, ಚೀಟಿಯಲ್ಲಿ ಬೇಡಿಕೆ ಬರೆದು ದಾಟಿಸಬೇಕು. ಸರಕು ಬರುವುದು ಕೆಲವು ಸುತ್ತುಗಳ ನಂತರ. ಗಿರಾಕಿಯ ಬೇಡಿಕೆ ಒಮ್ಮೆ ತುಸು ಏರಿದರೆ ಸಾಕು, ಕೊರತೆಯ ಭಯದಿಂದ ಒಬ್ಬರಿಗಿಂತ ಒಬ್ಬರು ಹೆಚ್ಚು ತರಿಸುತ್ತಾರೆ. ಕೊನೆಗೆ ಗೋದಾಮು ತುಂಬಿ ತುಳುಕುತ್ತದೆ.

ನದೀತೀರದ ರೈತನಿಗೆ ಇದು ಬೇಗ ಅರ್ಥವಾದೀತು. ಕಬಿನಿ ಅಣೆಕಟ್ಟೆಯಿಂದ ಬಿಟ್ಟ ನೀರು ನಂಜನಗೂಡು ದಾಟಿ ತಿ. ನರಸೀಪುರದ ಸಂಗಮ ಸೇರಲು ಹೊತ್ತು ಹಿಡಿಯುತ್ತದೆ. ದಾಸ್ತಾನು, ಮಾಹಿತಿ ಜಾಲ, ವಿಳಂಬ ಇವನ್ನೆಲ್ಲ ಕಂಪ್ಯೂಟರ್ ಪರದೆಯ ಮೇಲೆ ತೋರಿಸಿದರೂ ತಿಳಿಯದ್ದು ಆಟದಲ್ಲಿ ಮನಸ್ಸಿಗೆ ಹತ್ತುತ್ತದೆ. ಜಾಣರೂ ಇಲ್ಲಿ ಸೋಲುತ್ತಾರೆ. ದೋಷ ವ್ಯಕ್ತಿಯದಲ್ಲ, ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಲುಪದ ವ್ಯವಸ್ಥೆಯದು. ಇದೇ ಆ ಆಟದ ಪಾಠ.

ಈ ಆಟವನ್ನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಯಾವುದೋ ತರಬೇತಿ ಕೊಠಡಿಯಲ್ಲಿ ಆಡಿಸುತ್ತಿದ್ದಾರೆ ಎಂದುಕೊಳ್ಳಿ. ತಿ. ನರಸೀಪುರದಿಂದ ಮುಂಜಾನೆ ಬಸ್ಸು ಹಿಡಿದು ಬಂದ ಗುತ್ತಿಗೆ ಕಾರ್ಮಿಕ ಅಲ್ಲಿದ್ದಾನೆ. ಯಾರು ಸೋತರೆಂದು ಮೂಲೆಯಲ್ಲಿ ಕುಳಿತ ಅಧಿಕಾರಿ ಬರೆದುಕೊಳ್ಳುತ್ತಾನೆ. ಗುತ್ತಿಗೆ ನವೀಕರಣದ ದಿನ ಆ ಪಟ್ಟಿ ಹೊರಬಂದರೆ? ವ್ಯವಸ್ಥೆಯ ದೋಷ ತೋರಿಸಬೇಕಿದ್ದ ಆಟವೇ ದೋಷವನ್ನು ಬಡವನ ತಲೆಗೆ ಕಟ್ಟಿದಂತಾಯಿತು.

ಚದುರಂಗದ ಬಗ್ಗೆ ಇಸ್ಲಾಮೀ ಕರ್ಮಶಾಸ್ತ್ರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಮಾಮ್ ಶಾಫಿಈ ಅದನ್ನು ಮೆಚ್ಚಲಿಲ್ಲ, ಆದರೆ ನಿಷಿದ್ಧವೆನ್ನಲಿಲ್ಲ. ನಿಷಿದ್ಧವೆಂದವರೂ ಇದ್ದಾರೆ. ಜೂಜಿನ ಬಗ್ಗೆ ಮಾತ್ರ ಭಿನ್ನಮತವಿಲ್ಲ, ಅದನ್ನು ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದೆ. ತರಬೇತಿಯ ಆಟವನ್ನು ಜೂಜೆಂದು ನಾನು ಹೇಳುತ್ತಿಲ್ಲ. ಆದರೆ ಜೂಜಿನಲ್ಲಿ ಕೂತವರೆಲ್ಲರೂ ಪಣವಿಡುತ್ತಾರೆ. ಇಲ್ಲಿ ಅನ್ನದ ಪಣ ಕಾರ್ಮಿಕನೊಬ್ಬನದೇ, ಅದೂ ಅವನಿಗೆ ತಿಳಿಸದೆ.

ಹಣ ಖರ್ಚು ಮಾಡುವ ಆಡಳಿತ ಮಂಡಳಿಗೆ ಯಾರು ಕಲಿತರೆಂದು ತಿಳಿಯುವ ಹಕ್ಕಿಲ್ಲವೇ? ಖಂಡಿತ ಇದೆ. ಹಾಗಾದರೆ ಪರೀಕ್ಷೆಯೆಂದೇ ಹೇಳಿ ಪರೀಕ್ಷಿಸಲಿ. ಮಳೆಗೆ ನೆನೆದ ಧಾನ್ಯವನ್ನು ರಾಶಿಯ ಅಡಿಗೆ ಸರಿಸಿ ಒಣಗಿದ್ದನ್ನು ಮೇಲೆ ತೋರಿಸಿದ ವ್ಯಾಪಾರಿಯನ್ನು ಪ್ರವಾದಿ(ಸ) ಖಂಡಿಸಿದರು. ಆಟದ ಅಡಿಯಲ್ಲಿ ಪರೀಕ್ಷೆಯನ್ನು ಬಚ್ಚಿಡುವುದೂ ಅದೇ ಬಗೆಯ ವ್ಯಾಪಾರ.

ಆಟವನ್ನು ಕೈಬಿಡಬೇಕಿಲ್ಲ. ಅಧಿಕಾರಿಯೂ ಚಿಲ್ಲರೆ ಅಂಗಡಿಯವನಾಗಿ ಕೂರಲಿ, ಎಲ್ಲರೆದುರು ತಾನೂ ಸೋಲಲಿ. "ನನಗೆ ಅರ್ಥವಾಗಲಿಲ್ಲ ಸಾರ್" ಎನ್ನಲು ಕಾರ್ಮಿಕನಿಗೆ ಆಗ ಧೈರ್ಯ ಬರುತ್ತದೆ, ಕಲಿಕೆ ಶುರುವಾಗುವುದೂ ಆಗಲೇ. ಆಟ ಮುಗಿದ ಮೇಲೆ ಚೀಟಿಗಳನ್ನು ಅಲ್ಲೇ ಹರಿದು ಹಾಕಲಿ.