ಮಾಳಿಗೆಯ ಕುಂಬಿ

ಓದತಕ್ಕ ಭಾಗ: ಧರ್ಮೋಪದೇಶಕಾಂಡ 22ನೆಯ ಅಧ್ಯಾಯ, 1ರಿಂದ 9ನೆಯ ವಚನಗಳು



ರೋಹಿಣಿ ಮಳೆ ಹುಟ್ಟುವದಕ್ಕೆ ಮುಂಚೆ ಮಾಳಿಗೆ ಹತ್ತಿ ನೋಡುವದು ಚಳ್ಳಕೆರೆ ಮೊಳಕಾಲ್ಮುರು ಸೀಮೆಯ ಮನೆಗಳಲ್ಲಿ ಹಿರಿಯರ ಕಾಲದಿಂದ ಬಂದ ವಾಡಿಕೆ. ಎಲ್ಲಿ ಮಣ್ಣು ಕೊಚ್ಚಿಹೋಗಿದೆ, ಎಲ್ಲಿ ಇಲಿ ತೋಡಿದೆ, ಯಾವ ಜಂತೆಗೆ ಗೆದ್ದಲು ಹತ್ತಿದೆ ಎಂದು ನೋಡಿಕೊಂಡು ಇಳಿಯುವರು. ಈ ತಿಂಗಳು ನಾವು ನಿಮ್ಮ ಮುಂದೆ ಇಡುವ ದೇವರ ವಾಕ್ಯವೂ ಮಾಳಿಗೆಯನ್ನು ಕುರಿತದ್ದೇ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಕುಂಬಿಯನ್ನು ಎತ್ತಬೇಕು; ಎತ್ತದೆ ಹೋಗಿ ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲೆ ಬರುವದು. ಮೇಲೆ ಹೇಳಿದ ಅಧ್ಯಾಯದ ಎಂಟನೆಯ ವಚನದ ತಾತ್ಪರ್ಯ ಇಷ್ಟೇ.

ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದ ದೇವರಿಗೆ ಒಬ್ಬ ಬಡವನ ಮಾಳಿಗೆಯ ಅಂಚಿನ ಚಿಂತೆ ಯಾಕೆ ಎಂದು ಕೆಲವರು ಕೇಳಬಹುದು. ಆರಾಧನೆ ಬೇರೆ, ಮನೆಗೆಲಸ ಬೇರೆ ಎಂದು ಎಣಿಸುವವರು ನಮ್ಮ ಸಭೆಗಳಲ್ಲಿ ಕಡಿಮೆಯಿಲ್ಲ. ಆದರೆ ಸತ್ಯವೇದವನ್ನು ತೆರೆದು ನೋಡಿರಿ. ರಾಹಾಬಳು ಗೂಢಚಾರರನ್ನು ಅಡಗಿಸಿದ್ದು ಮಾಳಿಗೆಯ ಮೇಲೆ ಒಣಹಾಕಿದ್ದ ಅಗಸೆ ದಂಟಿನ ಕೆಳಗೆ. ಪೇತ್ರನು ಯೊಪ್ಪದಲ್ಲಿ ಪ್ರಾರ್ಥನೆಗೆ ಹತ್ತಿದ್ದು ಮಾಳಿಗೆಗೆ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದ ನಾಲ್ವರು ಮಾಳಿಗೆಯನ್ನು ತೋಡಿದರೆಂದು ಮಾರ್ಕನು ಬರೆಯುತ್ತಾನೆ. ಇಳಿಜಾರು ಹೆಂಚಿನ ಮನೆಗಳ ದೇಶದಲ್ಲಿ ಈ ಕಥೆಯನ್ನು ಚಿತ್ರ ಬರೆದು ತಿಳಿಸಬೇಕು. ನಮ್ಮ ಭಾನುವಾರ ಶಾಲೆಯ ಮಕ್ಕಳಿಗಾದರೋ ಅದು ಬೇಕಿಲ್ಲ. ಆ ಮನೆಯವನಿಗೆ ಮರುದಿನ ಎಷ್ಟು ಬುಟ್ಟಿ ಮಣ್ಣು ಬೇಕಾಯಿತೋ ಎಂದು ಅವರೇ ಕೇಳುವರು. ಮೊಳಕಾಲ್ಮುರಿಗೆ ಸಮೀಪದ ಬಳ್ಳಾರಿಯಲ್ಲಿ 1810ರಿಂದ ಸೇವೆಮಾಡಿ, 1831ರಲ್ಲಿ ಇಡೀ ಸತ್ಯವೇದವನ್ನು ಕನ್ನಡದಲ್ಲಿ ಮುಗಿಸಿದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯವರು ಮಾಳಿಗೆ ಎಂಬ ಮಾತಿಗಾಗಿ ದೂರ ಹುಡುಕಬೇಕಾಗಿರಲಾರದು. ಕಿಟಕಿಯಿಂದ ನೋಡಿದರೆ ಸಾಕಾಗಿತ್ತು.

ನಮ್ಮ ಮಾಳಿಗೆಯ ಕಟ್ಟಡವನ್ನು ಸ್ವಲ್ಪ ಯೋಚಿಸಿರಿ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಚಕ್ಕೆ, ಅದರ ಮೇಲೆ ಬಂದರೆ ಮೊದಲಾದ ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲಿನ ಪದರಕ್ಕೆ ಬೇಕಾದದ್ದು ಚೌಳು ಮಣ್ಣು. ಕರಲೆಂದೂ ಅದನ್ನು ಕರೆಯುವದುಂಟು. ಆ ಮಣ್ಣಿನ ಹೊಲವನ್ನು ಯಾರೂ ಕೊಳ್ಳರು. ಅದರಲ್ಲಿ ಸಜ್ಜೆಯೂ ಏಳದು, ಶೇಂಗಾವೂ ಕಾಯಿ ಹಿಡಿಯದು. ಆದರೆ ಅದರಲ್ಲಿರುವ ಸೋಡಿಯಮ್ ಎಂಬ ಉಪ್ಪಿನ ಅಂಶದಿಂದಲೇ, ನೀರು ಬಿದ್ದೊಡನೆ ಅದರ ನುಣುಪಾದ ಕಣಗಳು ಒಂದನ್ನೊಂದು ಬಿಟ್ಟು ಹಿಗ್ಗಿ, ಸಂದುಗಳನ್ನೆಲ್ಲಾ ಮುಚ್ಚಿ, ನೀರನ್ನು ಕೆಳಕ್ಕೆ ಇಳಿಯಗೊಡದೆ ತಡೆಯುವವು. ಹೊಲದಲ್ಲಿ ಬೇರನ್ನು ಉಸಿರುಕಟ್ಟಿಸುವ ಗುಣವೇ ಮಾಳಿಗೆಯ ಮೇಲೆ ಮನೆಯನ್ನು ಕಾಯುವ ಗುಣವಾಗುತ್ತದೆ. ಕಟ್ಟುವವರು ಬೇಡವೆಂದ ಕಲ್ಲಿನ ಸಂಗತಿಯನ್ನು 118ನೆಯ ಕೀರ್ತನೆಯಲ್ಲಿ ಓದಿದ್ದೀರಲ್ಲವೇ? ಯಾವದಕ್ಕೂ ಬಾರದವರೆಂದು ಊರಿನವರಿಂದ ಅನ್ನಿಸಿಕೊಂಡ ಜನರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ಚೌಳು ಮಣ್ಣಿನ ಬುಟ್ಟಿಯನ್ನು ಎತ್ತುವಾಗ ಆ ಕೀರ್ತನೆಯನ್ನು ನೆನಸಿಕೊಳ್ಳಲಿ.

ಮಣ್ಣು ಹಾಕಿದರೆ ಮುಗಿಯಲಿಲ್ಲ. ದಿಮ್ಮಸಿನಿಂದ ಬಡಿಯಬೇಕು, ದೋಣಿಯ ಕಡೆಗೆ ವಾಟ ಕೊಡಬೇಕು, ವರುಷ ವರುಷ ನೋಡಬೇಕು. ಪ್ಯಾಲೆಸ್ತೀನಿನ ಹಳ್ಳಿಗಳಲ್ಲಿಯೂ ಇಂಥ ಮಾಳಿಗೆಗಳ ಮೇಲೆ ಮಳೆಗಾಲಕ್ಕೆ ಕಲ್ಲಿನ ಉರುಳೆಯನ್ನು ಉರುಳಿಸಿ ಮಣ್ಣನ್ನು ಗಟ್ಟಿಮಾಡುತ್ತಿದ್ದರು. ಕೈಗಳ ಮೈಗಳ್ಳತನದಿಂದ ಮನೆ ಸೋರುವದೆಂದು ಪ್ರಸಂಗಿಯು 10ನೆಯ ಅಧ್ಯಾಯದಲ್ಲಿ ಹೇಳುವಾಗ ಇಂಥ ಮನೆಯನ್ನೇ ಕಂಡಿದ್ದನು. ನಮ್ಮ ಸೀಮೆಗಾದರೋ ಒಂದು ವಿಶೇಷವಾದ ಶೋಧನೆಯಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಎರಡು ವರುಷ ಮಳೆ ಕೈಕೊಟ್ಟರೆ ಮಾಳಿಗೆಯ ನೆನಪೇ ಹೋಗುತ್ತದೆ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ 89 ವರುಷ ಕೋಡಿಯನ್ನು ಕಾಣಲಿಲ್ಲ. ಇನ್ನು ಬೀಳದೆಂದು ಹಿರಿಯರು ಹೇಳುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಬಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು. ಒಣ ದೇಶದಲ್ಲಿ ಮಳೆ ಹೇಳಿ ಬರುವದಿಲ್ಲ.

ಈಗ ಕುಂಬಿಗೆ ಬರೋಣ. ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲಾ ಚಾಪೆ ಸುತ್ತಿಕೊಂಡು ಮೇಲೆ ಮಲಗುವರು. ಹಗಲಲ್ಲಿ ಹೆಂಗಸರು ಸಂಡಿಗೆ, ಮೆಣಸಿನಕಾಯಿ, ಶೇಂಗಾ ಒಣಹಾಕುವರು. ಕಾಗೆ ಅಟ್ಟುವದಕ್ಕೆ ಮಕ್ಕಳು ಓಡಾಡುವರು. ಅಂಚಿನಲ್ಲಿ ಒಂದು ಗೇಣು ಎತ್ತರದ ಮಣ್ಣಿನ ದಂಡೆ ನೀರನ್ನು ತಡೆಯುವದು, ನಿದ್ದೆಗಣ್ಣಿನ ಮಗುವನ್ನು ತಡೆಯಲಾರದು. ನಡುವಿನ ಬೆಳಕಿಂಡಿಗೆ ಕಟ್ಟೆಯಿಲ್ಲದ ಮನೆಗಳೂ ಉಂಟು. ಹೊಸದಾಗಿ ಸಿಮೆಂಟಿನ ಮಾಳಿಗೆ ಹಾಕಿಸಿದವರನ್ನು ನೋಡಿದರೆ ನಮಗೆ ಇನ್ನೂ ಹೆಚ್ಚು ವ್ಯಸನವಾಗುತ್ತದೆ. ಮೇಲೆ ಇನ್ನೊಂದು ಅಂತಸ್ತು ಏಳಬೇಕೆಂದು ಕಬ್ಬಿಣದ ಸರಳುಗಳನ್ನು ಆಕಾಶಕ್ಕೆ ಚಾಚಿ ಬಿಡುವರು. ಮುಂದಿನ ಬಾಗಿಲಿಗೆ ಬಣ್ಣವಾಗುವದು. ಕುಂಬಿಗೆ ಹಣ ಸಾಲಲಿಲ್ಲ ಅನ್ನುವರು. ದೇವರ ಆಜ್ಞೆಯು ಬಾಗಿಲಿನ ಬಣ್ಣವನ್ನು ಕುರಿತು ಏನೂ ಹೇಳಲಿಲ್ಲ.

ಬಿದ್ದ ಮೇಲೆ ಏನನ್ನುತ್ತೇವೆ? ನೆರೆಯವರು ಹಣೆಬರಹ ಅನ್ನುವರು. ನಾವು ಕ್ರೈಸ್ತರಾದ ಕಾರಣ ಆ ಮಾತನ್ನು ಬಿಟ್ಟು, ದೇವರ ಚಿತ್ತ ಅನ್ನುತ್ತೇವೆ. ಪ್ರಿಯರೇ, ಮಾತು ಬದಲಾಯಿತೇ ಹೊರತು ಮನಸ್ಸು ಬದಲಾಯಿತೋ? ಈ ವಿಷಯದಲ್ಲಿ ದೇವರ ಚಿತ್ತವೇನೆಂಬದು ಮೂರು ಸಾವಿರ ವರುಷಗಳ ಹಿಂದಿನ ಧರ್ಮಶಾಸ್ತ್ರದಲ್ಲಿಯೇ ಬರೆದಿದೆ. ಕುಂಬಿ ಎತ್ತಬೇಕೆಂಬದೇ ದೇವರ ಚಿತ್ತ. ಎತ್ತದೆ ಬಿಟ್ಟ ಗೋಡೆಯ ಹೊಣೆಯನ್ನು ಆತನ ಮೇಲೆ ಹೊರಿಸುವದು ಆತನ ನಾಮವನ್ನು ವ್ಯರ್ಥವಾಗಿ ಎತ್ತುವದಕ್ಕೆ ಸಮೀಪವಾದದ್ದೆಂದು ನಮ್ಮ ಅಭಿಪ್ರಾಯ.

ಆದರೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳದಿದ್ದರೆ ಈ ಮಾತು ಕಲ್ಲಾದೀತು. ಮಗುವನ್ನು ಕಳಕೊಂಡ ತಾಯಿಯ ಮುಂದೆ ಈ ವಚನವನ್ನು ಯಾರೂ ಓದಬಾರದು. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಯೆರೂಸಲೇಮಿನ ಬೇರೆ ಜನರಿಗಿಂತ ದೊಡ್ಡ ಅಪರಾಧಿಗಳೆಂದು ಎಣಿಸಬಾರದೆಂದು ಕರ್ತನು ತಾನೇ ಹೇಳಿದನು (ಲೂಕ 13). ಆತನು ಅವರ ವಿಷಯವನ್ನು ಕೇಳುವವರ ಕಡೆಗೆ ತಿರುಗಿಸಿದನು. ಹಾಗೆಯೇ ಈ ವಚನವೂ ಇನ್ನೂ ಯಾರೂ ಬೀಳದಿರುವ ಮನೆಯವರಿಗಾಗಿ ಇದೆ. ದುಃಖದಲ್ಲಿರುವವರ ಮನೆಗೆ ಹೋದರೆ ರೊಟ್ಟಿ ಬುತ್ತಿ ಒಯ್ಯಿರಿ, ವಚನವನ್ನು ಒಯ್ಯಬೇಡಿರಿ.

ಗೋಡೆಯ ಮಾತೂ ಇದಕ್ಕೆ ಸೇರಿದ್ದೇ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬಿಡದೆ ಹಿಡಿದಾಗ ನೆನೆದ ಮಣ್ಣಿನ ಗೋಡೆಗಳು ರಾತ್ರಿಯಲ್ಲಿ ಕುಸಿದು ಮಲಗಿದವರು ಸಾಯುವ ಸುದ್ದಿ ನಮ್ಮ ರಾಜ್ಯದ ಒಂದಲ್ಲ ಒಂದು ಕಡೆಯಿಂದ ಬರುತ್ತಲೇ ಇರುತ್ತದೆ. ಗೋಡೆಯ ಬುಡ ಕರಗಿದ್ದರೆ, ಹೊಟ್ಟೆ ಉಬ್ಬಿದ್ದರೆ, ತೊಲೆ ಕೂತ ಸ್ಥಳದಿಂದ ಬಿರುಕು ಇಳಿದಿದ್ದರೆ ಅದರ ಕೆಳಗೆ ಹಾಸಿಗೆ ಹಾಕಬೇಡಿರಿ. ಅಂಥ ರಾತ್ರಿಗಳಲ್ಲಿ ದೇವಾಲಯದ ಬೀಗವನ್ನು ತೆಗೆದಿಡುವದು ಸಭೆಯ ಹಿರಿಯರ ಕೆಲಸ. ಆ ಮನೆಯವರು ಸಭೆಯವರಾಗಿರಲಿ, ಆಗದಿರಲಿ.

ಅದೇ ಅಧ್ಯಾಯದ ಮೊದಲ ವಚನಗಳು ಸಾಕುಪ್ರಾಣಿಗಳನ್ನು ಕುರಿತವು. ತಪ್ಪಿಸಿಕೊಂಡ ಎತ್ತನ್ನೋ ಕುರಿಯನ್ನೋ ಕಂಡೂ ಕಾಣದವರಂತೆ ಹೋಗಬಾರದು. ವಿಮೋಚನಕಾಂಡದ 23ನೆಯ ಅಧ್ಯಾಯವು ಇದನ್ನು ವೈರಿಯ ಎತ್ತಿಗೂ ಹೇಳುತ್ತದೆ. ಆದದರಿಂದ ತನ್ನ ಬಾವಿಯ ಕಟ್ಟೆಗೆ ನಮ್ಮ ಕೊಡವನ್ನು ಸೇರಿಸದವನ ಮೇಕೆಯೂ ಸಂಜೆ ನಮ್ಮ ಹಿತ್ತಲಿಗೆ ಬಂದರೆ, ನೀರು ಕುಡಿಸಿ ಹೊಡಕೊಂಡು ಹೋಗಿ ಒಪ್ಪಿಸಬೇಕು. ಇದು ಕಠಿನವೆಂದು ಬಲ್ಲೆವು. ಹಕ್ಕಿಗೂಡಿನ ಮಾತು ಅದಕ್ಕೆ ಮುಂದಿನದು. ಜಂತೆಯ ಸಂದಿನಲ್ಲಿ ಗುಬ್ಬಿ ಮರಿಮಾಡಿದ್ದರೆ ಮರಿ ಹಾರುವ ತನಕ ಆ ಮೂಲೆಯ ಕೆಲಸವನ್ನು ತಡೆಯಿರಿ. ಹದಿನೈದು ದಿವಸಕ್ಕೆ ಮಳೆ ಓಡಿಹೋಗದು. ನಾಯಿಯನ್ನು ಬಿಸಿಲಿನಲ್ಲಿ ಕಟ್ಟಿ ಆರಾಧನೆಗೆ ಬರಬೇಡಿರಿ.

ಜೀವಿಗಳ ಮೇಲಿನ ದಯೆಯ ಮಾತು ನಮ್ಮ ಸೀಮೆಗೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ, ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳಿವೆ. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು ಎಂಬದು ಅವುಗಳ ಸಾರ. ಇವುಗಳನ್ನು 1892ರಲ್ಲಿ ಕಂಡುಹಿಡಿದು ಲೋಕಕ್ಕೆ ತಿಳಿಸಿದ ಬಿ. ಎಲ್. ರೈಸ್ ದೊರೆಗಳು ಬೆಂಗಳೂರಿನ ಲಂಡನ್ ಮಿಶನ್ ಪಾದ್ರಿಯವರ ಮಗನು. ಅನ್ಯರಾಜನ ಕಲ್ಲಿನಿಂದ ಕಲಿಯುವದೇನು ಎಂದು ಹೇಳುವವರಿಗೆ ನಾವು ಒಂದೇ ಪ್ರಶ್ನೆ ಕೇಳುವೆವು: ಆ ಕಲ್ಲು ಹೇಳುವ ಮೂರರಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ನಡೆಯುತ್ತವೆ?

ಒಂಬತ್ತನೆಯ ವಚನವು ದ್ರಾಕ್ಷೇತೋಟದಲ್ಲಿ ಎರಡು ವಿಧವಾದ ಬೀಜ ಬಿತ್ತಬಾರದೆನ್ನುತ್ತದೆ. ಹಾಗಾದರೆ ಶೇಂಗಾ ಸಾಲಿನ ನಡುವೆ ಅಕ್ಕಡಿಯಾಗಿ ತೊಗರಿ ಬಿತ್ತುವದು ಪಾಪವೋ ಎಂದು ಕೆಲವರು ಕೇಳುವದುಂಟು. ಪಾಪವಲ್ಲ. ಅದು ಇಸ್ರಾಯೇಲರು ಪ್ರತ್ಯೇಕವಾದ ಜನವೆಂಬದಕ್ಕೆ ಗುರುತಾಗಿತ್ತು. ಅಂಥ ಗುರುತುಗಳ ನೊಗವು ಅನ್ಯಜನರಿಂದ ಬಂದ ಶಿಷ್ಯರ ಮೇಲೆ ಇಲ್ಲವೆಂಬದನ್ನು ಅಪೊಸ್ತಲರ ಕೃತ್ಯಗಳು 15ನೆಯ ಅಧ್ಯಾಯದಲ್ಲಿ ನೋಡಿರಿ. ಶೇಂಗಾ ಕೆಟ್ಟ ವರುಷ ತೊಗರಿಯಾದರೂ ಮನೆಗೆ ಬರಲಿ. ಕುಂಬಿಯಾದರೋ ಗುರುತಲ್ಲ, ನೆರೆಯವನ ಪ್ರಾಣದ ಮಾತು; ಅದು ಎಲ್ಲರಿಗೂ ನಿಲ್ಲುವದು. ಹಿತ್ತಲಿನ ವಿಷಯದಲ್ಲಿ ಇನ್ನೊಂದೇ ಮಾತು: ಪಾತ್ರೆ ತೊಳೆದ ನೀರನ್ನು ನುಗ್ಗೆಗೂ ಕರಿಬೇವಿಗೂ ಬಿಡುವದು ಒಳ್ಳೇದು, ಕುಂಬಳದ ಬಳ್ಳಿಯನ್ನು ಮಣ್ಣಿನ ಮಾಳಿಗೆಗೆ ಹಬ್ಬಿಸುವದು ಒಳ್ಳೇದಲ್ಲ. ಅದರ ಗೆಣ್ಣುಗಳೂ ಬೇರುಬಿಟ್ಟು ಮಣ್ಣನ್ನು ಸಡಲಿಸುವವು.

ಅಡಿಗೆಮನೆಗೂ ಧರ್ಮಶಾಸ್ತ್ರವು ಬರುತ್ತದೆ. ಬೀಸುವ ಕಲ್ಲನ್ನು ಅಡವು ಹಿಡಿಯಬಾರದೆಂದು 24ನೆಯ ಅಧ್ಯಾಯವು ಹೇಳುತ್ತದೆ, ಯಾಕಂದರೆ ಅದನ್ನು ಹಿಡಿದವನು ಜೀವವನ್ನೇ ಹಿಡಿದಂತಾಯಿತು. ಈಗ ಗಿರಣಿ ಬಂದು ಬೀಸುವ ಕಲ್ಲು ಬಹಳ ಮನೆಗಳಲ್ಲಿ ಮೂಲೆ ಸೇರಿದೆ. ಆದರೆ ಮೊಳಕಾಲ್ಮುರಿನ ನೇಕಾರನಿಗೆ ಮಗ್ಗವೂ, ಹೊಲಿಯುವವಳಿಗೆ ಹೊಲಿಗೆಯಂತ್ರವೂ ಬೀಸುವ ಕಲ್ಲೇ. ಸಾಲ ಕೊಡುವ ಶಕ್ತಿಯಿರುವ ಸಭೆಯವರು ಇದನ್ನು ಗಮನಿಸಿರಿ.

ಕೊನೆಗೆ ಕೆಲಸದ ಮಾತು. ಮಾಳಿಗೆಗೆ ಮಣ್ಣು ಹಾಕುವದು ಒಬ್ಬರ ಕೈಯಿಂದ ಆಗುವದಿಲ್ಲ. ಅಗೆಯುವವರು, ಹೊರುವವರು, ಮೇಲೆ ನಿಂತು ಎತ್ತಿಕೊಳ್ಳುವವರು, ಬಡಿಯುವವರು ಬೇಕು. ಗಂಡಸರಿಲ್ಲದ ಮನೆಗಳೂ, ಮಕ್ಕಳು ಬೆಂಗಳೂರಿಗೆ ದುಡಿಯಹೋಗಿ ಮುದುಕರೇ ಉಳಿದ ಮನೆಗಳೂ ಪ್ರತಿಯೊಂದು ಸಭೆಯಲ್ಲಿ ಇವೆ. ಆ ಮನೆಗಳ ಪಟ್ಟಿಯನ್ನು ಹಿರಿಯರು ಈ ಭಾನುವಾರವೇ ಮಾಡಲಿ. ಮುಂದಿನ ಶನಿವಾರ ಯೌವನಸ್ಥರು ಗುದ್ದಲಿ, ಬುಟ್ಟಿ, ದಿಮ್ಮಸು ತಕ್ಕೊಂಡು ಹೊತ್ತೇರುವದಕ್ಕೆ ಮುಂಚೆ ಕೂಡಿಬರಲಿ. ವಿಧವೆಯರ ಮನೆಗಳು ಮೊದಲು, ಆ ಮೇಲೆ ಮುದುಕರವು, ಆ ಮೇಲೆ ದೇವಾಲಯ. ದೇವಾಲಯದ ಮಾಳಿಗೆಗೆ ಕುಂಬಿಯಿಲ್ಲದ ಸಭೆಗಳೂ ಇವೆಯೆಂದು ಕೇಳಿದ್ದೇವೆ. ಹಬ್ಬದಲ್ಲಿ ದೀಪವಿಡಲು ಅಲ್ಲಿಗೆ ಹತ್ತುವವರು ಮಕ್ಕಳೇ.