ಸೊನ್ನೆ ಎಲ್ಲಿದೆ?

ಇಂಜಿನಿಯರಿಂಗ್ ಓದುವಾಗ ವರ್ಕ್‌ಶಾಪಿನಲ್ಲಿ ಒಮ್ಮೆ ಕಟರ್ ಮುರಿದಿದ್ದೆ. ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ನಿಗೆ ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಅಲ್ಲಿ ಜಿ00 ಎಂದರೆ ಕೊರೆಯದೆ ರಭಸದಿಂದ ಹೋಗು; ಜಿ01 ಎಂದರೆ ಹೇಳಿದ ವೇಗದಲ್ಲಿ ಕೊರೆಯುತ್ತ ನೇರ ಸಾಗು. ರಭಸದಿಂದ ಇಳಿದು ಜಾಬಿನ ಮೇಲ್ಮೈಗಿಂತ 2 ಮಿ.ಮೀ. ಮೇಲೆ ನಿಲ್ಲು ಎಂದಿದ್ದೆ. ಆದರೆ ಆ ಮೇಲ್ಮೈ ಎಲ್ಲಿದೆ ಎಂದು ಮೆಷಿನ್ನಿಗೆ ತಿಳಿಸುವಾಗ 10 ಮಿ.ಮೀ. ಕೆಳಗೆ ತೋರಿಸಿದ್ದೆ. ಕಟರ್ 8 ಮಿ.ಮೀ. ಉಕ್ಕಿನೊಳಕ್ಕೆ ನುಗ್ಗಹೋಗಿ ಮುರಿಯಿತು. ಮೆಷಿನ್ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು.

“ಸಾರ್, ಪ್ರೋಗ್ರಾಂ ಸರಿಯಾಗೇ ಇದೆ” ಎಂದೆ. “ಮುಟ್ಟಿ ನೋಡಿದ್ಯೇನಪ್ಪಾ?” ಎಂದರು ಅವರು.

ಪ್ರೋಗ್ರಾಮಿನ ಅಂಕಿಗಳೆಲ್ಲ ಒಂದು ಸೊನ್ನೆಯಿಂದ ಅಳೆದವು. ಜಿ54 ಎಂಬ ಸಂಕೇತ ಆ ಸೊನ್ನೆಯನ್ನು ಕರೆಯುತ್ತದೆ, ಅಷ್ಟೆ. ಅದನ್ನು ಹುಡುಕಿ ತುಂಬಬೇಕಾದವರು ನಾವು. ಅದಕ್ಕೊಂದು ಹಳೆಯ ಉಪಾಯವಿದೆ. ಜಾಬಿನ ಮೇಲೆ ತೆಳು ಕಾಗದದ ಚೂರಿಟ್ಟು ಮೆಲ್ಲಗೆ ಆಡಿಸುತ್ತ, ತಿರುಗದೆ ನಿಂತ ಕಟರನ್ನು ಕೂದಲೆಳೆಯಷ್ಟಷ್ಟೇ ಇಳಿಸಬೇಕು. ಕಾಗದ ಸಿಕ್ಕಿಕೊಂಡಾಗ ನಿಲ್ಲಿಸಿ, ಅದರ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈಗ ಪ್ರೋಬ್ ಬಂದಿದೆ. ಅದೂ ಜಾಬನ್ನು ಮುಟ್ಟಿಯೇ ತಿಳಿಯುತ್ತದೆ. 0.001 ಮಿ.ಮೀ. ಲೆಕ್ಕವಿಡುವ ಯಂತ್ರಕ್ಕೂ ತನ್ನ ಸೊನ್ನೆ ತಪ್ಪಿದೆಯೆಂದು ತಾನಾಗಿ ಗೊತ್ತಾಗುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಬಗ್ಗೆ ಓದುವಾಗ ಆ ಕಾಗದದ ಚೂರು ನೆನಪಾಯಿತು. ಇಲ್ಲಿನ ಕಾವಲುಗಳು ಅಮೃತ ಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಕಾದಿಟ್ಟ ಹುಲ್ಲುಗಾವಲು. 2010ರ ಹೊತ್ತಿಗೆ ಸುಮಾರು 10,000 ಎಕರೆ ಕಾವಲು ಭೂಮಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಹಂಚಿಕೆಯಾಯಿತು. ಉಳ್ಳಾರ್ತಿಯಲ್ಲಿ 1,800ಕ್ಕೂ ಹೆಚ್ಚು ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಯಿತು. ಕಡತದ ಎಕರೆ ಗುಂಟೆಗಳಿಗೆ ಸರ್ವೆ ನಂಬರೇ ಸೊನ್ನೆ. ಕುರಿ ಕಾಯುವವರ, ಕಂಬಳಿ ನೇಯುವವರ ಎಣಿಕೆ ಶುರುವಾಗುವುದು ಬೇರೆ ಕಡೆಯಿಂದ: ಮಳೆಯಾಗಿ ಎಷ್ಟು ದಿನಕ್ಕೆ ಹುಲ್ಲು ಚಿಗುರೀತು, ನೀರು ಎಲ್ಲಿ ಸಿಕ್ಕೀತು, ಮಂದೆಗೆ ಯಾವ ದಾರಿ.

ಗೋಡೆ ಎದ್ದಾಗಲೇ ಅನೇಕ ಹಳ್ಳಿಗರಿಗೆ ವಿಷಯ ಗೊತ್ತಾದದ್ದು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅದು 2013ರಲ್ಲಿ ಸತ್ಯಶೋಧನಾ ಸಮಿತಿಯನ್ನು ನೇಮಿಸಿತು. 2014ರಲ್ಲಿ ತೀರ್ಪು ಕೊಟ್ಟಿತು. ಕೊರೆತ ಶುರುವಾದ ಮೇಲೆ ಕಾಗದದ ಚೂರು ಹಿಡಿದಂತೆ.

ಸಂಶೋಧನೆಗೆ ಜಾಗ ಬೇಡವೇ? ಬೇಕು. ಸಂಶೋಧನೆಯ ಅನ್ನವನ್ನೇ ಉಣ್ಣುತ್ತಿರುವ ನಾನು ಬೇಡವೆನ್ನಲಾರೆ. ಕಾವಲು ಒಂದು ಜಾಬ್ ಅಲ್ಲ ಎಂಬುದೂ ಗೊತ್ತು: ಜಾಬ್ ಕೆಟ್ಟರೆ ಇನ್ನೊಂದನ್ನು ಕಟ್ಟಬಹುದು, ಹುಲ್ಲುಗಾವಲನ್ನಲ್ಲ. ನನ್ನನ್ನು ಕಾಡುವುದು ಬೇರೆಯೇ ಮಾತು. ಆದೇಶವನ್ನು ತಪ್ಪಿಲ್ಲದೆ ನಡೆಸಿದವನು ತಪ್ಪಿಲ್ಲದವನೇ? ಕಡತ ಸಿದ್ಧಪಡಿಸಿದವರು, ಗಡಿ ಅಳೆದವರು, ಗೋಡೆ ಕಟ್ಟಿದವರು ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿರಬಹುದು. ನನ್ನ ಮೆಷಿನ್ನೂ ಹಾಗೆಯೇ ಮಾಡಿತ್ತು. ಆದರೆ ಅದಕ್ಕೆ ಸೊನ್ನೆಯನ್ನು ಪ್ರಶ್ನಿಸುವ ಶಕ್ತಿಯಿರಲಿಲ್ಲ, ನಮಗಿದೆ. ನಮ್ಮ ಹೊಣೆ ಶುರುವಾಗುವುದೇ ಅಲ್ಲಿಂದ. ನನ್ನ ಪ್ರಬಂಧದ ಅಂಕಿಗಳನ್ನು ಜೋಡಿಸುವಾಗಲೂ ಈಗ ಅದೇ ದನಿ ಕೇಳಿಸುತ್ತದೆ: ಮುಟ್ಟಿ ನೋಡಿದ್ಯೇನಪ್ಪಾ?